ಹೂಜಿಯ ಸುತ್ತ ಕಪ್ಪು ಗೆರೆ

ಸುಗಟೂರು
೩ ಸೆಪ್ಟೆಂಬರ್ ೧೯೭೯

ಚಿರಂಜೀವಿ ಸುಗ್ರಾಳಿಗೆ,

ನಿನ್ನ ಕಳೆದ ಪತ್ರವನ್ನು ತಿದ್ದಿ ಇದರೊಡನೆ ಹಿಂದಿರುಗಿಸಿದ್ದೇನೆ. ನೀನು ಕೋಲಾರದ ಪ್ರೌಢಶಾಲೆಯನ್ನು ಬಿಟ್ಟು ಇಷ್ಟು ವರ್ಷಗಳಾದರೂ ನಿನ್ನ ಕನ್ನಡ ಪಂಡಿತನಿಗೆ ಕೆಂಪು ಮಸಿಯ ಕೆಲಸ ತಪ್ಪಿಲ್ಲ. ‘ಕಛೇರಿ’ ಎಂದು ಬರೆದಿರುವೆ. ಕಚೇರಿಗೆ ಮಹಾಪ್ರಾಣ ಬೇಡ. ಅಲ್ಲಿ ಕೂರುವವರಲ್ಲಿ ಅಷ್ಟು ಪ್ರಾಣವಿರುವುದಿಲ್ಲ. ‘ಹಾರ್ಧಿಕ’ ಅಲ್ಲ, ‘ಹಾರ್ದಿಕ’. ಉಳಿದ ವಾಕ್ಯಗಳು ತಮ್ಮ ಕಾಲ ಮೇಲೆ ನಿಂತಿವೆ. ಮುಂಬಯಿಯ ಬಟ್ಟೆಯ ಗಿರಣಿಯಲ್ಲಿ ಸೀರೆಗಳಿಗೆ ಹೂ ಬಳ್ಳಿ ಬರೆಯುತ್ತ, ಕನ್ನಡ ಕಿವಿಗೆ ಬೀಳದ ಕಡೆಯಲ್ಲಿದ್ದುಕೊಂಡು, ಇಷ್ಟನ್ನು ಉಳಿಸಿಕೊಂಡಿರುವುದು ಸಣ್ಣ ಮಾತಲ್ಲ. ನಿನ್ನ ಯಜಮಾನರಾದ ಮುಖ್ತಿಯಾರರಿಗೂ ಇದನ್ನು ಹೇಳು.

ಈಗ ಕೆಲಸದ ಮಾತು. ನಿವೃತ್ತನಾಗಿ ಊರು ಸೇರಿದವನು ಸುಮ್ಮನಿರಲಾರದೆ ಇಲ್ಲಿನ ಹಾಲಿನ ಸಂಘದ ಕೊಠಡಿಯಲ್ಲಿ ಹೆಂಗಸರಿಗಾಗಿ ಸಂಜೆಯ ಅಕ್ಷರ ತರಗತಿಯನ್ನು ತೆರೆದಿದ್ದೇನೆ. ಹಾಲು ಅಳೆದುಕೊಟ್ಟವರು ಹಾಗೆಯೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಸರ್ಕಾರದಿಂದ ಬಂದ ಚಿತ್ರಪಟವೊಂದಿದೆ. ಅದರ ತುಂಬ ನೆರಳು, ನೆರಳಿನೊಳಗೆ ನೆರಳು. ಲಾಂದ್ರದ ಬೆಳಕಿಗೆ ಅದನ್ನು ಹಿಡಿದರೆ ದೊಡ್ಡಮುನಿಯಮ್ಮ ಕೇಳುತ್ತಾಳೆ: “ಮೇಷ್ಟ್ರೇ, ಇದು ಆನೇನೋ ಮಸಿಬಟ್ಟೇನೋ?” ಅವಳ ಪ್ರಶ್ನೆ ನ್ಯಾಯವಾದುದೇ.

ನನ್ನ ಮನೆಯವಳಾದ ರಾಮಲಕ್ಷ್ಮಮ್ಮನನ್ನೂ ಈ ವರ್ಷ ಹಟ ಹಿಡಿದು ಕರೆತಂದಿದ್ದೇನೆ. ಅವಳ ತವರಿನ ಮಾತು ತೆಲುಗು. ಕನ್ನಡವನ್ನು ಆಡುತ್ತಾಳೆ, ಓದಲಾರಳು. ಹಿಂದೆಲ್ಲ ಕಲಿಸುತ್ತೇನೆಂದರೆ, “ನಿಮ್ಮತ್ರ ಕಲ್ಯೋದಾ? ಒಂದು ಒತ್ತು ತಪ್ಪಿದ್ರೆ ತಟ್ಟೆ ಮುಂದಿಂದ ಎದ್ದೋಗ್ತೀರಿ” ಎನ್ನುತ್ತಿದ್ದಳು. ಈಗೇಕೆ ಇಷ್ಟು ಅವಸರ ಎಂದು ಕೇಳಿದಳು. ಕಾಲ ಹಾಗಿದೆ ಎಂದೆ.

ಮಾವಿನ ಕಾಲಕ್ಕೆ ವಯಸ್ಕರ ಶಿಕ್ಷಣದ ಮೇಲ್ವಿಚಾರಕರು ಪರೀಕ್ಷೆಗೆ ಬರುತ್ತಾರೆ. ಅಷ್ಟರಲ್ಲಿ ಇವರು ಓದದಿದ್ದರೆ ತರಗತಿ ಮುಚ್ಚುತ್ತದೆ, ಕೊಠಡಿಗೆ ಹಿಂಡಿಯ ಮೂಟೆಗಳು ಬರುತ್ತವೆ. ನೀನೊಂದು ಹೊಸ ಚಿತ್ರಪಟವನ್ನು ಬರೆದುಕೊಡಬಲ್ಲೆಯಾ?

ನಿನ್ನ ಏಳಿಗೆಯನ್ನು ಬಯಸುವ,
ಕೋದಂಡರಾಮಪ್ಪ


ಮುಂಬಯಿ
೨೨ ಸೆಪ್ಟೆಂಬರ್ ೧೯೭೯

ಪೂಜ್ಯ ಮೇಷ್ಟ್ರಿಗೆ,

ಸುಗ್ರಾಳ ಸಲಾಮು, ನಮಸ್ಕಾರ, ಎರಡೂ. ಕಚೇರಿಯನ್ನು ಅಲ್ಪಪ್ರಾಣದಲ್ಲಿಯೇ ಇಡುತ್ತೇನೆ.

ಬರೆದುಕೊಡುತ್ತೇನೆ. ಹೇಗೆ ಬರೆಯಬೇಕೆಂಬುದೂ ತಮ್ಮ ಪತ್ರ ಬಂದ ವಾರವೇ ನನಗೆ ಹೊಳೆಯಿತು. ನಮ್ಮ ವಿನ್ಯಾಸ ವಿಭಾಗದವರನ್ನು ಆಗಾಗ ಒಂದು ಗ್ರಂಥಾಲಯಕ್ಕೆ ಕಳುಹಿಸುತ್ತಾರೆ. ಪರದೇಶದ ಪುಸ್ತಕಗಳನ್ನು ನೋಡಿ ಹೊಸ ನಮೂನೆಗಳನ್ನು ಯೋಚಿಸಲಿ ಎಂದು. ಅಲ್ಲಿ ಇಂಗ್ಲೆಂಡಿನ ಒಬ್ಬ ಚಿತ್ರಕಾರರ ಪುಸ್ತಕ ಸಿಕ್ಕಿತು. ಅವರ ಹೆಸರನ್ನು ಕನ್ನಡದಲ್ಲಿ ಬರೆಯಲು ಹೋಗಿ ಮೂರು ಸಲ ಹೊಡೆದು ಹಾಕಿದೆ. ತಾವು ಅದರ ಸಂಧಿ ಬಿಡಿಸಲು ತೊಡಗಬಹುದೆಂಬ ಭಯದಿಂದ ಬರೆದಿಲ್ಲ.

ಅವರು ಬರೆದಿರುವುದು ಒಂದು ಹೂಜಿ. ಬರಿಯ ಹೂಜಿ. ಇಟ್ಟ ಮೇಜಿಲ್ಲ, ಹಿಡಿದ ಕೈಯಿಲ್ಲ. ನೀಲಿ ಎಂದರೆ ಒಂದೇ ನೀಲಿ, ಅಂಚಿನಿಂದ ಅಂಚಿನವರೆಗೆ. ಸುತ್ತ ಬೆರಳಿನಷ್ಟು ದಪ್ಪದ ಕಪ್ಪು ಗೆರೆ. ಇನ್ನೊಂದು ಪುಟದಲ್ಲಿ ದೀಪ, ಮತ್ತೊಂದರಲ್ಲಿ ಕುರ್ಚಿ. ನೋಡುತ್ತ ನಿಂತವಳಿಗೆ ಕೋಲಾರದ ನಮ್ಮ ಓಣಿಯೇ ಕಂಡಂತಾಯಿತು. ನಮ್ಮ ಅಬ್ಬಾ ತಗಡಿನ ಪೆಟ್ಟಿಗೆಗಳ ಮೇಲೆ ಗಿಳಿ, ಗುಲಾಬಿ ಬರೆಯುವುದನ್ನು ತಾವು ಬಲ್ಲಿರಿ. ಬಣ್ಣವೆಲ್ಲ ಒಣಗಿದ ಮೇಲೆ ಕಪ್ಪು ಗೆರೆ ಎಳೆಯುತ್ತ, “ಲಕೀರ್ ಡಾಲೇ ಬಾದ್‌ಇಚ್ ಪೇಟಿ ಬಾತಾಂ ಕರ್ತೀ” ಎನ್ನುತ್ತಾರೆ. ಗೆರೆ ಬಿದ್ದ ಮೇಲೆಯೇ ಪೆಟ್ಟಿಗೆ ಮಾತನಾಡುವುದು ಎಂದು ಅದರ ಅರ್ಥ. ಆ ಇಂಗ್ಲಿಷಿನವರಿಗೆ ನಮ್ಮ ಅಬ್ಬಾ ಅಬ್ದುಲ್ ಗಫೂರರ ಪೆಟ್ಟಿಗೆಯನ್ನು ಯಾರು ತೋರಿಸಿದರು? ಯಾರೂ ತೋರಿಸಿರಲಾರರು. ಹಾಗಾದರೆ ಇಬ್ಬರಿಗೂ ಒಂದೇ ಗೆರೆ ಹೊಳೆದುದು ಹೇಗೆ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಈ ಬಗೆಯದನ್ನು ಪಾಪ್ ಕಲೆ ಎನ್ನುತ್ತಾರೆ. ಹೂಜಿಯ ಚಿತ್ರದ ಕಾರ್ಡೊಂದನ್ನು ಇದರೊಡನೆ ಇಟ್ಟಿದ್ದೇನೆ. ನಮ್ಮ ಪಟವನ್ನು ಹೀಗೆಯೇ ಬರೆಯೋಣವೇ? ಗಿರಣಿಗಾಗಿ ಇದೇ ರೀತಿಯ ಒಂದು ಸೀರೆಯನ್ನೂ ಯೋಚಿಸುತ್ತಿದ್ದೇನೆ; ಮೈತುಂಬ ಹೂಜಿಗಳ ಸಾಲು. ಮುಖ್ಯ ವಿನ್ಯಾಸಕರಿಗೆ ತೋರಿಸಬೇಕು.

ತಮ್ಮ ಕೆಂಪು ಮಸಿಯನ್ನು ಕಾಯುವ,
ಸುಗ್ರಾ


ಸುಗಟೂರು
೧೧ ಅಕ್ಟೋಬರ್ ೧೯೭೯

ಚಿರಂಜೀವಿ ಸುಗ್ರಾ,

ಪತ್ರವನ್ನು ತಿದ್ದಿ ಕಳುಹಿಸಿದ್ದೇನೆ. ಒಂದು ದೋಷದ ಕೆಳಗೆ ಎರಡು ಗೆರೆ ಎಳೆದಿರುವುದನ್ನು ಗಮನಿಸು. ‘ಪಾಪ’ ಎಂಬುದು ಅಕಾರಾಂತ ಪದ. ಅದನ್ನು ‘ಪಾಪ್’ ಎಂದು ಕುತ್ತಿಗೆ ಹಿಸುಕಿದ್ದೇಕೆ? ‘ಪಾಪಕಲೆ’ ಎಂದಾದರೆ ಷಷ್ಠೀ ತತ್ಪುರುಷ, ಪಾಪದ ಕಲೆ. ವ್ಯಾಕರಣ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ. ಗೃಹಿಣಿಯಾದ ಹೆಣ್ಣುಮಗಳು ಇಂತಹ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಬಿಡಿಸಿಕೊಂಡು ಕೂರುವುದೇ? ಆದರೆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದೆ. ಇದರಲ್ಲಿ ಪಾಪವೆಲ್ಲಿದೆ? ಹೂಜಿಯೊಳಗೆ ಮದ್ಯವಿದೆಯೆಂದು ಭಾವಿಸಬೇಕೇ? ಆ ದೇಶದ ಪಾಪಗಳು ಇಷ್ಟು ಶುಭ್ರವಾಗಿರುತ್ತವೆಯೇ?

ರಾಮಲಕ್ಷ್ಮಮ್ಮ ನನ್ನ ಗೊಣಗಾಟವನ್ನು ಕೇಳಿಸಿಕೊಂಡು ತನ್ನ ಭಾಷ್ಯವನ್ನು ಕೊಟ್ಟಳು. “ಪಾಪ ಅಂಟೇ ಚಂಟಿಬಿಡ್ಡ ಕದಂಡೀ. ಕೂಸು. ಕೂಸುಗೋಳ್ಗೆ ಬರ್ದಿರೋ ಬೊಂಬೆ ಇರ್ಬೇಕು. ಅದ್ಕೇ ಅಷ್ಟು ಚೆನ್ನಾಗೈತೆ.” ತೆಲುಗಿನಲ್ಲಿ ಪಾಪವೆಂದರೆ ಶಿಶುವೇ ಹೌದು. ಒಂದೇ ಪದ ಒಂದು ಮನೆಯೊಳಗೆ ದುಷ್ಕೃತ್ಯವೂ ಹಸುಗೂಸೂ ಆಗಿ ಕುಳಿತಿದೆ. ನೀನೇ ಬಿಡಿಸಿ ಹೇಳಬೇಕು.

ಕಾರ್ಡನ್ನು ಪಡಸಾಲೆಯ ಗೋಡೆಗೆ ಅಂಟಿಸಿದ್ದೇನೆ. ವಿಚಿತ್ರವೆಂದರೆ ಮನೆಯ ಉಳಿದ ಪಟಗಳೆಲ್ಲ ಮುಸ್ಸಂಜೆಗೆ ಮಂಕಾದರೂ ಇದು ಮಂಕಾಗುವುದಿಲ್ಲ. ಬಾಗಿಲಲ್ಲಿ ನಿಂತರೂ ಹೂಜಿ ಹೂಜಿಯಾಗಿಯೇ ಇರುತ್ತದೆ. ಈ ಮನುಷ್ಯ ಬಣ್ಣವನ್ನು ಮೊದಲು ತುಂಬುತ್ತಾನೋ ಗೆರೆಯನ್ನು ಮೊದಲು ಎಳೆಯುತ್ತಾನೋ? ಬೆಳಕು ಯಾವ ಕಡೆಯಿಂದ ಬೀಳುತ್ತದೆ? ನೆರಳನ್ನು ಎಲ್ಲಿ ಬಚ್ಚಿಟ್ಟಿದ್ದಾನೆ? ತಿಳಿದರೆ ಬರೆ.

ಪಟ ಹೀಗೆಯೇ ಆಗಲಿ. ಪದಗಳು ಮಾತ್ರ ನನ್ನವು. ಅರಸ, ಋಷಿ, ಕಮಲ, ಟಗರು, ಬಕ, ಲವಂಗ, ಹೂಜಿ. ಎಲ್ಲವೂ ಶುದ್ಧ. ಪೂರ್ಣ ಪಟ್ಟಿ ಬೇರೆ ಹಾಳೆಯಲ್ಲಿದೆ.

ಇಂತು,
ಕೋದಂಡರಾಮಪ್ಪ


ಮುಂಬಯಿ
೫ ನವೆಂಬರ್ ೧೯೭೯

ಪೂಜ್ಯ ಮೇಷ್ಟ್ರಿಗೆ ವಂದನೆಗಳು.

ತಮ್ಮ ಪತ್ರವನ್ನು ಮುಖ್ತಿಯಾರರಿಗೆ ಓದಿ ಹೇಳಿದೆ. ಅವರು ನಗುತ್ತ ನೀರು ಕುಡಿಯಲು ಹೋಗಿ ಬಿಕ್ಕಳಿಸಿದರು. ಪಾಪ್ ಎಂಬುದು ಪಾಪವೂ ಅಲ್ಲ, ಕೂಸೂ ಅಲ್ಲ. ಇಂಗ್ಲಿಷಿನಲ್ಲಿ ‘ಪಾಪ್ಯುಲರ್’ ಎನ್ನುವ ಪದದ ತಲೆಯನ್ನಷ್ಟೇ ಉಳಿಸಿಕೊಂಡಿದ್ದಾರೆ. ಅಂಗಡಿಯ ಡಬ್ಬಿ, ಗೋಡೆಯ ಜಾಹೀರಾತು, ಮನೆಯ ಹೂಜಿ. ಎಲ್ಲರೂ ದಿನವೂ ಕಾಣುವ, ಕಂಡೂ ನೋಡದ ವಸ್ತುಗಳನ್ನು ಅರಮನೆಯ ಚಿತ್ರಗಳ ಪಕ್ಕದಲ್ಲಿ ತೂಗುಹಾಕುವುದು ಅವರ ಮತ.

ಬಣ್ಣ ಮೊದಲೋ ಗೆರೆ ಮೊದಲೋ ಎಂಬ ಪ್ರಶ್ನೆ ನನಗೂ ನಿದ್ದೆ ಕೆಡಿಸಿತು. ಪುಸ್ತಕ ಹೇಳುವುದಿಲ್ಲ. ಎರಡು ಹಾಳೆಗಳಲ್ಲಿ ಎರಡು ರೀತಿ ಬರೆದು ನೋಡಿದೆ. ಗೆರೆ ಮೊದಲಾದರೆ ಬಣ್ಣ ಸೆರೆಮನೆಯೊಳಗಿನವನಂತೆ ಮುದುಡುತ್ತದೆ. ಬಣ್ಣ ಮೊದಲಾದರೆ ಗೆರೆ ಅದನ್ನು ತಬ್ಬಿಕೊಳ್ಳುತ್ತದೆ. ಅಬ್ಬಾನ ಪಕ್ಷವೇ ಗೆದ್ದಿತು. ನೆರಳಿನ ವಿಷಯ: ಅದನ್ನು ಬಚ್ಚಿಟ್ಟಿಲ್ಲ, ಕರೆದೇ ಇಲ್ಲ.

ಪದಗಳ ವಿಷಯದಲ್ಲಿ ಒಂದು ಬಿನ್ನಹ. ಋಷಿಯನ್ನು ಸುಗಟೂರಿನಲ್ಲಿ ಯಾರು ನೋಡಿದ್ದಾರೆ? ಬಕವನ್ನು ಬರೆದರೆ ಕೊಕ್ಕರೆ ಎಂದಾರು. ‘ಬ’ ಅಕ್ಷರಕ್ಕೆ ಬಸ್ಸು ಇರಲಿ, ‘ಲ’ ಅಕ್ಷರಕ್ಕೆ ಅವರ ಮುಂದೆಯೇ ಉರಿಯುವ ಲಾಟೀನು ಇರಲಿ. ಬಸ್ಸು ಪರಭಾಷೆಯದೆಂದು ತಾವು ಹೇಳುವಿರಿ. ಆದರೆ ಇಂಗ್ಲಿಷಿನಲ್ಲಿ ಅದು ‘ಬಸ್’. ನಮ್ಮ ಹೊಸ್ತಿಲಲ್ಲಿ ಸಕಾರಕ್ಕೆ ಒತ್ತನ್ನೂ ಕೊನೆಗೆ ಉಕಾರವನ್ನೂ ಪಡೆದು ಬಸ್ಸು ಆಯಿತು. ಬಸ್ಸನ್ನು, ಬಸ್ಸಿಗೆ, ಬಸ್ಸಿನಲ್ಲಿ ಎಂದು ವಿಭಕ್ತಿಗಳನ್ನು ಉಟ್ಟುಕೊಂಡಿತು. ವಿಭಕ್ತಿ ಉಟ್ಟ ಮೇಲೆ ಸೊಸೆಯೂ ಮನೆಯವಳೇ ಎಂದು ಒಂಬತ್ತನೆಯ ತರಗತಿಯಲ್ಲಿ ಹೇಳಿದವರು ಯಾರು?

ಈ ಸಲದ ತಿದ್ದುಪಡಿಯಲ್ಲಿ ಒಂದು ಕೆಂಪು ಗೆರೆ ಏನೂ ಬರೆಯದ ಅಂಚಿನ ಮೇಲೆ ಬಿದ್ದಿದೆ. ಅಲ್ಲಿ ನಾನು ಮಾಡಿದ ತಪ್ಪೇನು ಎಂದು ಬಹಳ ಯೋಚಿಸಿದೆ. ಬರೆಯದೆ ಬಿಟ್ಟದ್ದೇ ತಪ್ಪೇ?

ತಮ್ಮ ಶಿಷ್ಯೆ,
ಸುಗ್ರಾ


ಸುಗಟೂರು
೨ ಡಿಸೆಂಬರ್ ೧೯೭೯

ಚಿರಂಜೀವಿ ಸುಗ್ರಾ,

ಗುರುವಿನ ಕೋಲಿನಿಂದಲೇ ಗುರುವನ್ನು ಹೊಡೆಯುವುದನ್ನು ನಾನು ಕಲಿಸಿದ ನೆನಪಿಲ್ಲ. ವ್ಯಾಕರಣದ ಬಲವಿರುವುದರಿಂದ ಬಸ್ಸಿಗೆ ಒಪ್ಪಿದೆ. ಲಾಟೀನಿಗೆ ಒಪ್ಪಲಿಲ್ಲ, ಅಲ್ಲಿ ಲವಂಗವೇ ಇರಲಿ. ಹೂಜಿಯಂತೂ ಇರಲೇಬೇಕು, ಗೋಡೆಯ ಮೇಲಿನದೇ ಆಗಬೇಕು.

ಅಂಚಿನ ಕೆಂಪು ಗೆರೆಯ ವಿಷಯ ಕೇಳಿರುವೆ. ನೀನು ಬಿಟ್ಟ ಅಂಚು ಕಿರಿದಾಗಿತ್ತು, ಅದರ ಸೂಚನೆ. ಕೆಂಪು ಮಸಿಯೂ ಈಚೆಗೆ ನೀರಾಗಿ ಬರುತ್ತಿದೆ, ಅಂಗಡಿಯವರು ಏನು ಬೆರೆಸುತ್ತಾರೋ! ಇನ್ನು ಮುಂದೆ ಅಕ್ಷರಗಳನ್ನು ದಪ್ಪವಾಗಿ, ಬಿಡಿಬಿಡಿಯಾಗಿ ಬರೆ. ನಿನ್ನ ಕೈಬರಹ ಇರುವೆಯ ಸಾಲಿನಂತಾಗಿದೆ. ಪಟದ ಗೆರೆಯೂ ದಪ್ಪವಾಗಿಯೇ ಇರಲಿ. ಸಂಕೋಚಪಡಬೇಡ, ಇನ್ನೂ ದಪ್ಪ.

ರಾಮಲಕ್ಷ್ಮಮ್ಮ ಸ್ವರಗಳನ್ನು ಮುಗಿಸಿದಳು. ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಅ ಆ ಇ ಈ ಎನ್ನುತ್ತಿರುತ್ತಾಳೆ. ನಾನು ಹಿಂದಿನಿಂದ ತಿದ್ದಿದರೆ, “ಹುಳುಗೋಳು ಬೆದರ್ತಾವೆ, ಸುಮ್ನಿರಿ” ಎನ್ನುತ್ತಾಳೆ.

ಕೋದಂಡರಾಮಪ್ಪ


ಮುಂಬಯಿ
೨೦ ಜನವರಿ ೧೯೮೦

ಪೂಜ್ಯ ಮೇಷ್ಟ್ರಿಗೆ,

ಪಟವನ್ನು ಬಟ್ಟೆಯ ಮೇಲೆಯೇ ಬರೆದು ಪಾರ್ಸೆಲಿನಲ್ಲಿ ಕಳುಹಿಸಿದ್ದೇನೆ. ಮಡಚಿದರೂ ಹರಿಯುವುದಿಲ್ಲ. ಬಟ್ಟೆಯನ್ನು ಗಿರಣಿಯವರು ಉದಾರವಾಗಿ ಕೊಟ್ಟರು. ಗೆರೆಗಳನ್ನು ಅಬ್ಬಾನಿಗಿಂತಲೂ ದಪ್ಪವಾಗಿ ಎಳೆದಿದ್ದೇನೆ. ಆ ಇಂಗ್ಲಿಷಿನವರು ನೋಡಿದರೆ ಕುಂಚವನ್ನು ಕಿತ್ತುಕೊಂಡಾರು.

ಸೀರೆಯ ವಿಷಯ ಹೇಳುವಂತಹದು ಇನ್ನೂ ಏನೂ ಇಲ್ಲ. ಕೈಬರಹವನ್ನು ತಿದ್ದಿಕೊಂಡಿದ್ದೇನೆ, ನೋಡಿ. ಇರುವೆಗಳು ಈಗ ಗೊದ್ದಗಳಾಗಿವೆ.

ಸುಗ್ರಾ


ಸುಗಟೂರು
೨೪ ಫೆಬ್ರವರಿ ೧೯೮೦

ಸುಗ್ರಾ,

ಪಟವನ್ನು ತೂಗುಹಾಕಿದ ಸಂಜೆ ಕೊಠಡಿಯೇ ಬೇರೆಯಾಗಿತ್ತು. ಮುನಿಶಾಮಮ್ಮ ಹಾಲಿನ ಪಾತ್ರೆಯನ್ನು ಕೆಳಗಿಡುವುದನ್ನೂ ಮರೆತು ನಿಂತಳು. ಯಾರೂ ಏನನ್ನೂ ಕೇಳಲಿಲ್ಲ, ನೋಡಿದರು, ಕಲಿತರು. ಮೂರು ವಾರಗಳಲ್ಲಿ ವರ್ಣಮಾಲೆ ಮುಗಿಯಿತು. ನಾನು ಗರ್ವಪಟ್ಟೆ. ಆಮೇಲೆ ನಡೆದುದನ್ನು ಕೇಳು.

ಮಾವಿನ ಕಾಲಕ್ಕೆ ಬರಬೇಕಾಗಿದ್ದ ಮೇಲ್ವಿಚಾರಕರು ನಿನ್ನೆಯೇ ಬಂದರು. ಬಾಗಿಲ ಮೇಲಿನ ಫಲಕವನ್ನು ತೋರಿಸಿ ಯಾರಾದರೂ ಓದಿರೆಂದರು. ಇತರರು ಸೆರಗಿನಲ್ಲಿ ಮುಖ ಮರೆಸಿಕೊಂಡರು, ರಾಮಲಕ್ಷ್ಮಮ್ಮ ಎದ್ದಳು. ಒಂದೊಂದಾಗಿ ಅಕ್ಷರ ಹಿಡಿದು ಗಟ್ಟಿಯಾಗಿ ಓದಿದಳು. “ಕಾ... ಲು. ಕಾಲು ಉತ್ಪಾದಕರ ಸಕಕಾರ ಸಂಘ.”

“ಏನಮ್ಮಾ, ಸುಗಟೂರಲ್ಲಿ ಕಾಲು ಉತ್ಪಾದನೆ ಮಾಡ್ತೀರಾ? ಲೀಟರಿಗೆಷ್ಟು?” ಎಂದು ಅವರು ನಕ್ಕರು.

ಅವಳು ಬಿಡಲಿಲ್ಲ. “ಇದು ಹಾಲಿನ ಡೈರಿ ಅಂತ ನಂಗೂ ಗೊತ್ತು ಸ್ವಾಮಿ. ದಿನಾ ಹಾಲು ಹಾಕ್ತೀನಿ. ಆದ್ರೆ ಬೋರ್ಡು ಕಾಲು ಅಂತೈತೆ. ಬರ್ದೋನ್ನ ಕೇಳಿ.”

ಮನೆಗೆ ಬಂದು ಕೇಳಿದೆ: ಹಕಾರವನ್ನು ಕಕಾರವೆಂದು ಓದಿದ್ದೇಕೆ? “ಪಟದಾಗೆ ಕೂಜಾ ಐತಲ್ಲ. ಕೂಜದ ಕ.” ನಾನು ಪ್ರತಿದಿನವೂ ಹೂಜಿ, ಹೂಜಿ ಎಂದು ಹೇಳಲಿಲ್ಲವೇ? “ನೀವು ಹೂಜಿ ಅಂತೀರಿ. ನೋಡಿದ್ರೆ ಕೂಜಾ ಅಂತಾನೇ ಕಾಣ್ತೈತೆ.” ಹಾಗಾದರೆ ಕಮಲದ ಕ ಯಾವುದು? “ಅದೊಂದು ಕ, ಇದೊಂದು ಕ. ಲಾಗೆ ಎರಡಿಲ್ವಾ? ಶಾಗೆ ಎರಡಿಲ್ವಾ? ನೀವು ಪಂಡಿತ್ರು ಕಾಗೂ ಒಂದು ಜೋಡಿ ಮಾಡಿರ್ತೀರಿ ಅಂದ್ಕೊಂಡ್ವಿ. ಬಾಯಿಗೆ ಬಂದಂಗೆ ಓದ್ಬೇಡ, ಅಕ್ಷರ ಹೇಳಿದ್ದನ್ನೇ ಓದು ಅಂದೋರು ನೀವೇ ತಾನೆ?”

ಅವಳೊಬ್ಬಳೇ ಅಲ್ಲ. ತೆಲುಗಿನವರಿಗೂ ಅದು ಕೂಜಾ, ಹಿಂದಿನ ಬೀದಿಯ ಅಸ್ಗರಿಗೂ ಕೂಜಾ. ಇಡೀ ತರಗತಿ ಹಸುವನ್ನು ಕಸುವೆಂದು ಓದುತ್ತಿದೆ. ನಿನ್ನ ಹೂಜಿಯವನ ಗೆರೆ ಅಷ್ಟು ಸ್ಪಷ್ಟವಾಗಿರದಿದ್ದರೆ ಅವರು ನನ್ನ ಬಾಯಿಯ ಪದಕ್ಕಾಗಿಯಾದರೂ ಕಾಯುತ್ತಿದ್ದರು. ಕಂಡ ಕೂಡಲೇ ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರು. ನಾನು ಬೇಕಾಗಲೇ ಇಲ್ಲ.

ಮೇಲ್ವಿಚಾರಕರು ಜೂನ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅದು ದೊಡ್ಡದಲ್ಲ. ಅವಳು ಮತ್ತೆ ಚಾಪೆಯ ಮೇಲೆ ಕೂರಲೊಲ್ಲೆ ಎನ್ನುತ್ತಿದ್ದಾಳೆ. ಅವಳು ಓದಲೇಬೇಕು, ಸುಗ್ರಾ. ಈ ವರ್ಷವೇ ಓದಬೇಕು.

ಕೋದಂಡರಾಮಪ್ಪ


ಮುಂಬಯಿ
೧೪ ಮಾರ್ಚ್ ೧೯೮೦

ಪೂಜ್ಯ ಮೇಷ್ಟ್ರಿಗೆ,

ಮೊದಲು ನಕ್ಕೆ. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ನಮ್ಮ ಮನೆಯಲ್ಲಿಯೂ ಅದು ಕೂಜಾ. ಹೂಜಿ ಎಂಬ ಪದವನ್ನು ನಾನು ಕಲಿತದ್ದೇ ತಮ್ಮ ತರಗತಿಯಲ್ಲಿ. ಹಾಗಿದ್ದೂ ಬರೆಯುವಾಗ ಹೊಳೆಯಲಿಲ್ಲ. ತಮಗೆ ಬರೆಯುವ ಕೈ ತಮ್ಮ ಪದವನ್ನೇ ನೆನೆಯುತ್ತದೆ. ಕೂಜಾ ಪಾರಸಿಯಿಂದ ಬಂದದ್ದು ಎಂದು ಅಬ್ಬಾ ಹೇಳುತ್ತಾರೆ. ತಮ್ಮ ಹೂಜಿಯ ಮುಖದಲ್ಲಿಯೂ ಅದರ ಚಹರೆ ಕಾಣುತ್ತದೆ. ಎರಡೂ ಒಂದೇ ಆವಿಗೆಯಲ್ಲಿ ಸುಟ್ಟವೇನೋ, ನಿರ್ಣಯ ತಮ್ಮದು.

ಭಾನುವಾರ ಮತ್ತೆ ಆ ಪುಸ್ತಕದ ಮುಂದೆ ಕುಳಿತೆ. ಅವರು ಬರೆದ ವಸ್ತುಗಳಲ್ಲಿ ಒಂದಕ್ಕೂ ಹೆಸರು ಹೇಳಿಕೊಡಬೇಕಾಗಿಲ್ಲ. ನಾವು ಅವರ ಗೆರೆಯನ್ನು ಕಲಿತೆವು, ಆಯ್ಕೆಯನ್ನು ಕಲಿಯಲಿಲ್ಲ ಎನ್ನಿಸಿತು. ಮುಂದೇನು ಎಂಬುದು ನನಗೆ ತೋಚುತ್ತಿಲ್ಲ.

ಇನ್ನೊಂದು ಮಾತು. ತಮ್ಮ ಕೊನೆಯ ಪತ್ರದಲ್ಲಿ ಸಾಲುಗಳು ಒಂದರ ಮೇಲೊಂದು ಏರಿದ್ದವು. ಕೋಲಾರದ ಬಸ್ಸಿನಲ್ಲಿ ಕುಳಿತು ಬರೆದಿರೇ? ನನ್ನ ಜನವರಿಯ ಪತ್ರವೂ ತಿದ್ದಿ ಹಿಂದಿರುಗಲಿಲ್ಲ. ಪಟ ಕೆಟ್ಟಿತೆಂದು ನನ್ನ ಮೇಲೆ ಕೋಪವಿದ್ದರೆ ಕೆಂಪು ಮಸಿಯಲ್ಲಿಯೇ ಬೈದುಬಿಡಿ.

ಸುಗ್ರಾ


ಸುಗಟೂರು
೨೦ ಏಪ್ರಿಲ್ ೧೯೮೦

ಚಿರಂಜೀವಿ ಸುಗ್ರಾ,

ಕೋಪವಿಲ್ಲ. ಬಸ್ಸಿನಲ್ಲಿ ಬರೆದೆ ಎಂದೇ ಇಟ್ಟುಕೋ.

ಹೂಜಿಯ ಮೂಲವನ್ನು ಸಂಘದ ಕಾರ್ಯದರ್ಶಿ ಮುನಿಕೃಷ್ಣಪ್ಪನಿಂದ ನಿಘಂಟಿನಲ್ಲಿ ಹುಡುಕಿಸಿದೆ. ನಿನ್ನ ಊಹೆ ಸುಳ್ಳಲ್ಲದಿರಬಹುದು. ಶುದ್ಧವೆಂದು ನಾನು ಹಟ ಹಿಡಿದ ಪಾತ್ರೆಯೂ ಹೊರಗಿನಿಂದಲೇ ಬಂದಿತ್ತೇ? ಎರಡು ದಿನ ಅದರಲ್ಲಿ ನೀರು ಕುಡಿಯಲಿಲ್ಲ. ಮೂರನೆಯ ದಿನ ಬಾಯಾರಿತು.

ನೀನು ಹೇಳಿದ ‘ಆಯ್ಕೆ’ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ಒಂದು ಪ್ರಯೋಗ ಮಾಡಿದೆ. ರಾಮಲಕ್ಷ್ಮಮ್ಮನನ್ನು ಕಾಡಿ ಬೇಡಿ ಕರೆತಂದು, ಕನ್ನಡದ ದೊಡ್ಡಮುನಿಯಮ್ಮ, ತೆಲುಗಿನ ಇವಳು, ದಖನಿಯ ಅಸ್ಗರಿ, ಮೂವರನ್ನೂ ಸಾಲಾಗಿ ಕೂರಿಸಿ ವಸ್ತುಗಳನ್ನು ತೋರಿಸಿದೆ. ಹಸುವನ್ನು ತೋರಿಸಿದರೆ ಹಸು, ಆವು, ಗಾಯ್. ಮೂರು ದಿಕ್ಕು. ಹಾವಿಗೆ ಹಾವು, ಪಾಮು, ಸಾಂಪ್. ನನ್ನ ಅಚ್ಚಗನ್ನಡವೆಲ್ಲ ಹೀಗೆಯೇ ಚೆದುರಿತು. ಬಸ್ಸನ್ನು ಕೇಳಿದೆ. ಮೂರು ಬಾಯಿಯಲ್ಲೂ ಬಸ್ಸೇ! ಲಾಟೀನನ್ನು ಇಬ್ಬರು ಬೇರೆ ರೀತಿ ಎಳೆದರೂ ಮೂವರ ನಾಲಗೆಯೂ ‘ಲಾ’ ಎಂದೇ ತೊಡಗಿತು. ಟೋಪಿ, ರೈಲು, ಕುರ್ಚಿ ಹಾಗೆಯೇ. ಅಸ್ಗರಿ ನಗುತ್ತ, “ಮೇಷ್ಟ್ರೇ, ನೀವು ಕ್ಲಾಸಿಂದ ಆಚೆ ಹಾಕಿದ್ದೆಲ್ಲಾ ನಮ್ಮನೆಗೋಳಲ್ಲಿ ಸೇರ್ಕೊಂಡೈತೆ” ಎಂದಳು.

ಮೂವತ್ತೈದು ವರ್ಷ ನಾನು ಹೊಸ್ತಿಲಿನಿಂದಾಚೆ ನಿಲ್ಲಿಸಿದ ಪದಗಳೇ ಎಲ್ಲರ ಮನೆಯ ಪದಗಳು. ನಿನ್ನ ಹೂಜಿಯವನಿಗೆ ಇದು ಮೊದಲೇ ತಿಳಿದಿತ್ತು. ಪಟವನ್ನು ಹೊಸದಾಗಿ ಬರೆಯಬೇಡ. ಕೆಲವು ತುಂಡುಗಳನ್ನು ಬರೆದು ಕಳುಹಿಸು, ಮೇಲೆ ಹೊಲಿಯೋಣ. ಲವಂಗದ ಮೇಲೆ ಲಾಟೀನು, ಟಗರಿನ ಮೇಲೆ ಟೋಪಿ. ‘ಹ’ ಅಕ್ಷರಕ್ಕೆ ಹೂವಿನ ಹಾರ ಬರಲಿ. ಅದು ಮೂರು ಭಾಷೆಗಳಲ್ಲಿಯೂ ಹಾರವೇ ಎಂದು ಮೂವರೂ ಪ್ರಮಾಣ ಮಾಡಿದ್ದಾರೆ. ಹೂಜಿಯನ್ನು ಕತ್ತರಿಸಿ ತೆಗೆದು ಕಮಲದ ಜಾಗದಲ್ಲಿ, ಕಕಾರದ ಪಕ್ಕಕ್ಕೆ ಹಚ್ಚುತ್ತೇವೆ.

ಪಾಪ್ ಕಲೆಗೂ ಕನ್ನಡದ ಹೆಸರನ್ನು ಕಂಡುಕೊಂಡಿದ್ದೇನೆ. ಬಸ್ಸಿನ ಸೂತ್ರವನ್ನೇ ಅನ್ವಯಿಸಿ ಕೊನೆಗೆ ಉಕಾರವನ್ನು ಹಚ್ಚಿದೆ: ಪಾಪು. ಪಾಪು ಕಲೆ. ರಾಮಲಕ್ಷ್ಮಮ್ಮ ಅಂದೇ ಹೇಳಿದ್ದಳು, ಕೂಸು ಎಂದು.

ಕೋದಂಡರಾಮಪ್ಪ


ಮುಂಬಯಿ
೧೮ ಮೇ ೧೯೮೦

ಪೂಜ್ಯ ಮೇಷ್ಟ್ರಿಗೆ,

ತುಂಡುಗಳನ್ನು ಕಳುಹಿಸಿದ್ದೇನೆ. ಲಾಟೀನಿನ ಗಾಜಿಗೆ ಹಳದಿ, ಒಂದೇ ಹಳದಿ. ಹಾರದ ಪ್ರತಿಯೊಂದು ಹೂವಿಗೂ ಬೇರೆ ಗೆರೆ.

ಪಾಪು ಕಲೆ ಎಂಬುದನ್ನು ಓದಿ ಸಂತೋಷದಿಂದ ಗ್ರಂಥಾಲಯದವರಿಗೆಲ್ಲ ಹೇಳಿದೆ, ಅವರಿಗೆ ತಿಳಿಯಲಿಲ್ಲ. ಆದರೆ ಮಾರ್ಚಿನ ನನ್ನ ಪತ್ರವೂ ಹಿಂದಿರುಗಿ ಬಂದಿಲ್ಲ. ಅದರಲ್ಲಿ ಬೇಕೆಂದೇ ಒಂದು ‘ಕಛೇರಿ’ಯನ್ನು ಇಡಬೇಕಾಗಿತ್ತು, ತಮ್ಮನ್ನು ಪರೀಕ್ಷಿಸಲು. ಕನ್ನಡ ಮಾತನಾಡದ ಈ ಊರಿನಲ್ಲಿ ತಮ್ಮ ಕೆಂಪು ಗುರುತುಗಳನ್ನು ನೋಡಿಯೇ ನಾನು ಇನ್ನೂ ಒಬ್ಬರ ಶಿಷ್ಯೆ ಎಂದುಕೊಳ್ಳುತ್ತಿದ್ದೆ. ನನ್ನನ್ನು ತಿದ್ದುವುದು ತಮಗೆ ಸಾಕಾಯಿತೇ? ಹಾಗಿದ್ದರೆ ಹೇಳಿಬಿಡಿ.

ಸುಗ್ರಾ


ಸುಗಟೂರು
ಬುದವಾರ ೯ ಜುಲೈ ೧೯೮೦

ಸುಗ್ರಾಗೆ ರಾಮಲಕ್ಷ್ಮಮ್ಮ ಮಾಡೋ ಆಸೀರ್ವಾದ.

ಇದು ನಾನೇ ಬರೀತಿರೋದು. ಅವ್ರು ಪಕ್ಕದಾಗೆ ಕೂತವ್ರೆ. ಏನ್ ಬರೀತೀಯ ಹೇಳು ಅಂತವ್ರೆ. ಹೇಳಲ್ಲ.

ಸಾಹೇಬ್ರು ಬಂದಿದ್ರು. ಬೋರ್ಡು ಓದಿದ್ವಿ. ಹಾಲು ಅಂತ್ಲೇ ಓದಿದ್ವಿ. ಅಸ್ಗರಿ ಬಸ್ಸಿನ್ ಮೇಲಿರೋ ಊರಿನ್ ಹೆಸ್ರೂ ಓದಿದ್ಲು. ಹಿಂಡಿ ಮೂಟೆ ಬರಲ್ಲ. ಸಾಹೇಬ್ರು ಪಟ ಮುಟ್ಟಿ ಮುಟ್ಟಿ ನೋಡಿದ್ರು. ಇದ್ಯಾರು ಬರ್ದಿದ್ದು ಅಂದ್ರು. ನಮ್ ಕೋಲಾರದ್ ಹುಡ್ಗಿ ಅಂದೆ.

ತಿದ್ದೋದು ಸಾಕಾಯ್ತಾ ಅಂತ ಕೇಳಿದ್ದೀಯಲ್ಲ. ಅವ್ರಿಗೆ ಕಣ್ಣು ಕಾಣ್ಸಲ್ಲ ಕಣಮ್ಮ. ಹೋದ್ ವರ್ಸದಿಂದ ಕಮ್ಮಿ ಆಗ್ತಾ ಬಂತು. ಕೋಲಾರದ್ ಡಾಕ್ಟ್ರು ನರ ಒಣಗೈತೆ ಕನ್ನಡ್ಕದಾಗೆ ಆಗಲ್ಲ ಅಂದ್ರು. ನಿಂಗೆ ಹೇಳ್ಬೇಡ ಅಂದಿದ್ರು. ನಂಗೂ ಬಾಳಾ ದಿನ ಹೇಳಿರ್ಲಿಲ್ಲ. ನಾನು ಓದೋದು ಕಲ್ತ್ರೆ ಸಾಕು ಅಂತ ಯಾಕ್ ಅಷ್ಟು ಹಟ ಮಾಡಿದ್ರು ಅಂತ ಈಗ ಗೊತ್ತಾಯ್ತು. ನಿನ್ ಕಾಗದ ಎಲ್ಲಾ ನಾನೇ ಓದ್ತೀನಿ. ಒಂದು ಕಾಗದಕ್ಕೆ ಒಂದ್ ದಿನ ಹಿಡಿಯುತ್ತೆ. ಅವ್ರು ಸುಮ್ನೆ ಕೇಳ್ತಾರೆ. ನಾನು ತಪ್ಪು ಓದಿದ್ರೆ ತಟ್ಟೆ ಮುಂದಿಂದ ಏಳಲ್ಲ.

ಗೋಡೆ ಮೇಲಿರೋ ಕೂಜಾ ಮಾತ್ರ ಇನ್ನೂ ಕಾಣುತ್ತೆ ಅಂತಾರೆ. ಗೆರೆ ಅಷ್ಟೇ. ಬಣ್ಣ ಯಾವ್ದು ಅಂತ ನನ್ನ ಕೇಳ್ತಾರೆ. ನೀಲಿ ಅಂತೀನಿ. ದಿನಾ ಕೇಳ್ತಾರೆ.

ಇನ್ನೊಂದ್ ವಿಸ್ಯ. ತುಂಡು ಹೊಲಿಯೋವಾಗ ಪಟ ತಿರುವಿ ನೋಡಿದೆ. ಹಿಂದ್ಗಡೆ ಸಾಲಾಗಿ ಕೂಜಾ ಅಚ್ಚಾಗೈತೆ. ಅದು ನೀನು ಹೇಳಿದ್ ಸೀರೆ ಅಲ್ವೇನೆ? ಗಿರ್ಣಿಯೋರು ಬೇಡ ಅಂದ್ರಾ? ಯಾಕೆ ಹೇಳಿಲ್ಲ? ನೀನೂ ಅವ್ರೂ ಒಂದೇ ಜಾತಿ. ಅಂಥಾದ್ದು ಇನ್ನೊಂದ್ ಇದ್ರೆ ನಂಗೆ ಕಳ್ಸು. ಉಡ್ತೀನಿ. ನಾನು ಉಟ್ಕೊಂಡ್ ಓಡಾಡಿದ್ರೆ ಅವ್ರಿಗೆ ಕಾಣುತ್ತೆ.

ಇದ್ರಲ್ಲಿ ತಪ್ಪು ಇದ್ರೆ ಕೆಂಪು ಮಸೀಲಿ ಗುರ್ತು ಹಾಕಿ ವಾಪಸ್ ಕಳ್ಸು. ನಿಂಗೂ ಕೆಲ್ಸ ಬೇಕಲ್ಲ.

ಇನ್ನು ಸಾಕು. ಒಲೆ ಮೇಲೆ ಕಾಲು ಇಟ್ಟಿದೀನಿ ಉಕ್ಕುತ್ತೆ. ಸರಿಯಾಗಿ ಬರ್ಯೋಕೆ ಬರುತ್ತೆ ಕಣೇ. ಈಗ ಇದ್ನ ಅವ್ರಿಗೆ ಓದಿ ಹೇಳ್ಬೇಕಲ್ಲ, ನಗ್ಲಿ ಅಂತ ಬರ್ದೆ.

ರಾಮಲಕ್ಷ್ಮಮ್ಮ